ಒಂದು ಗಂಟೆಗೆ ಎರಡು ಸ್ವರ: ಒಂಬತ್ತನೇ ಎರಕದಲ್ಲಿ ಒಲಿಯಿತು

ಹೋದ ಮಾಘದಲ್ಲಿ ನನ್ನ ಒಂಬತ್ತನೇ ಗಂಟೆ ಎರಡು ಸ್ವರ ಹೇಳಿತು. ಬಾಯಂಚಿನಿಂದ ಎರಡು ಬೆರಳು ಮೇಲೆ, ಸರಿಯಾಗಿ ನಡುವೆ ಹೊಡೆದರೆ ಷಡ್ಜ. ಅಲ್ಲಿಂದ ನಾಲ್ಕು ಬೆರಳು ಪಕ್ಕಕ್ಕೆ ಸರಿದು ಹೊಡೆದರೆ ಸಾಧಾರಣ ಗಾಂಧಾರ, ಸರಿಗಮದ ಕೆಳಗಿನ ಗ. ಒಂದೇ ಗಂಟೆ, ಒಂದೇ ಎರಕ. ಒಳಗೆ ನಾಲಿಗೆ ಇಲ್ಲ, ಬೇರೆ ಯಾವ ಜೋಡಣೆಯೂ ಇಲ್ಲ. ಮೂರು ವರ್ಷದಿಂದ "ಆಗೋ ಕೆಲಸ ಅಲ್ಲ" ಅಂದವರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಓದುವವರು ಎರಕದ ಮನೆಯವರೇ ಅಂದುಕೊಂಡಿದ್ದೇನೆ. ಹಾಗಾಗಿ ಲೋಹ ಕರಗಿಸುವ ಮೂಸೆ, ಕುಲುಮೆ, ಮೇಣದ ತೂಕದ ಲೆಕ್ಕ ಇವನ್ನೆಲ್ಲ ವಿವರಿಸುವುದಿಲ್ಲ.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. 2,400 ವರ್ಷದ ಹಿಂದೆ ಚೀನಾದಲ್ಲಿ ರಾಜ್ಯ ರಾಜ್ಯಗಳು ಒಂದನ್ನೊಂದು ನುಂಗಲು ಕಾದಾಡುತ್ತಿದ್ದ ಕಾಲದ್ದು. ಆ ಕಾಲದವರು ಇಂಥ ಗಂಟೆಯನ್ನು ಒಂದಲ್ಲ, ಅರವತ್ತಕ್ಕೂ ಮೇಲೆ ಎರೆದು ಒಂದೇ ಚೌಕಟ್ಟಿಗೆ ನೇತು ಹಾಕಿದ್ದರು.

ನಾನು ಅದನ್ನು ನೋಡಿದ್ದು 2019ರಲ್ಲಿ. ಸಣ್ಣ ಕರೆಂಟಿನ ಕುಲುಮೆಯೊಂದನ್ನು ನೋಡಿಕೊಂಡು ಬರೋಣ ಅಂತ ಗುವಾಂಗ್‌ಝೌಗೆ ಹೋಗಿದ್ದೆ. ಕುಲುಮೆ ಕೈಗೆಟುಕಲಿಲ್ಲ. ವಾಪಸ್ ಟಿಕೆಟ್‌ಗೆ ಇನ್ನೂ ಮೂರು ದಿನ ಇತ್ತು. ಜೊತೆಗಿದ್ದವರೊಬ್ಬರು, "ಗಂಟೆ ಮಾಡೋರು ನೀವು, ವುಹಾನ್‌ಗೆ ಹೋಗದೆ ಹೋಗ್ತೀರಾ?" ಅಂದರು. ವೇಗದ ರೈಲಿನಲ್ಲಿ ನಾಲ್ಕು ಗಂಟೆಯ ದಾರಿ. ಹೂಬೇ ಪ್ರಾಂತ್ಯದ ಮ್ಯೂಸಿಯಂ ಅಲ್ಲೇ ಇದೆ.

ಒಳಗೆ ಕಾಲಿಟ್ಟ ಮೇಲೆ ಮೊದಲ ಹತ್ತು ನಿಮಿಷ ನಾನು ಮಾತಾಡಲೇ ಇಲ್ಲ. ಮೂರು ಅಂತಸ್ತಿನ ಚೌಕಟ್ಟು. ಉದ್ದದ ತೋಳು ಏಳು ಮೀಟರಿಗೂ ಜಾಸ್ತಿ, ಅಡ್ಡ ತೋಳು ಮೂರು ಮೀಟರಿಗೂ ಜಾಸ್ತಿ. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ ಆರು ಕಂಚಿನ ಆಳುಗಳು ತಲೆಯ ಮೇಲೂ ಅಂಗೈಯ ಮೇಲೂ ತೊಲೆ ಹೊತ್ತು ನಿಂತಿದ್ದಾರೆ. ಒಟ್ಟು 65 ಗಂಟೆ. ಎಲ್ಲಕ್ಕಿಂತ ದೊಡ್ಡದು 203 ಕೆಜಿ, ಎತ್ತರ ಒಂದೂವರೆ ಮೀಟರ್. ಚಿಕ್ಕದು ಎರಡೂವರೆ ಕೆಜಿಯೂ ಇಲ್ಲ, ಒಂದು ಗೇಣು. ಬರೀ ಗಂಟೆಗಳ ತೂಕವೇ ಸುಮಾರು ಎರಡೂವರೆ ಟನ್. ಸೈನಿಕರು ಗುಡ್ಡ ಸಿಡಿಸುವಾಗ, ಇವು ಇದ್ದ ದೊರೆಯೊಬ್ಬನ ಸಮಾಧಿಯ ಸುಳಿವು ಸಿಕ್ಕಿದ್ದು 1977ರಲ್ಲಿ, ಅಗೆದದ್ದು 1978ರಲ್ಲಿ, ಸುಯಿಝೌ ಹತ್ತಿರದ ಲೇಗುದುನ್ ಅನ್ನೋ ಜಾಗದಲ್ಲಿ. ಒಳಗೆಲ್ಲ ನೀರು ತುಂಬಿತ್ತಂತೆ. ನೀರು ಇಳಿಸುತ್ತಾ ಹೋದ ಹಾಗೆ ಮರದ ತೊಲೆ ಕಂಡಿತು, ತೊಲೆಯಲ್ಲಿ ಬಹುಪಾಲು ಗಂಟೆಗಳು ಹಾಗೇ ತೂಗುತ್ತಿದ್ದವು. ದೇವಸ್ಥಾನದ 40 ಕೆಜಿ ಗಂಟೆಗೆ ಕೊಂಡಿ ಹಾಕುವಾಗಲೇ ನನಗೆ ಎರಡು ರಾತ್ರಿ ನಿದ್ದೆ ಬರುವುದಿಲ್ಲ. ಇಷ್ಟು ಭಾರವನ್ನು 2,400 ವರ್ಷ ಹೊತ್ತ ತೊಲೆ ಅದು.

ಮಧ್ಯಾಹ್ನ ಅಲ್ಲೇ ನಕಲು ಗಂಟೆಗಳ ಸಂಗೀತ ಕಛೇರಿ ಇತ್ತು. ಒಬ್ಬ ಹುಡುಗಿ ಮರದ ಸುತ್ತಿಗೆಯಿಂದ ಒಂದೇ ಗಂಟೆಗೆ ಎರಡು ಜಾಗದಲ್ಲಿ ಹೊಡೆದಳು. ಎರಡು ಬೇರೆ ಸ್ವರ. ನನ್ನ ಕಿವಿ ತಪ್ಪಿತು ಅಂದುಕೊಂಡೆ. ಮತ್ತೆ ಟಿಕೆಟ್ ತೆಗೆದು ಮುಂದಿನ ಆಟಕ್ಕೂ ಕೂತೆ. ಕಿವಿ ತಪ್ಪಿರಲಿಲ್ಲ.

ಊರಿಗೆ ಬಂದು ದೊಡ್ಡಪ್ಪನಿಗೆ ಹೇಳಿದೆ. ಎಪ್ಪತ್ತೆಂಟು ವಯಸ್ಸು, ಐವತ್ತು ವರ್ಷ ಗಂಟೆ ಎರೆದ ಕೈ. "ಲೋ, ಗಂಟೆಗೊಂದೇ ಗಂಟಲು ಕಣೋ. ಎರಡು ಸ್ವರ ಬಂತು ಅಂದ್ರೆ ಅದು ಒಡೆದಿದೆ ಅಂತ ಅರ್ಥ" ಅಂದ. ನಮ್ಮ ಕೇರಿಯಲ್ಲಿ ಎಲ್ಲರೂ ಅದನ್ನೇ ಅಂದರು. ನನಗೆ ಧೈರ್ಯ ಬಂದದ್ದು ಬೇರೆ ಕಡೆಯಿಂದ. ಹುವಾಂಗ್ ಶಿಯಾಂಗ್‌ಪೆಂಗ್ ಅಂತ ಚೀನಾದ ಸಂಗೀತ ವಿದ್ವಾಂಸರು 1977ರಲ್ಲಿ ಹಳೆಯ ಗಂಟೆಗಳನ್ನು ಊರೂರು ತಿರುಗಿ ಪರೀಕ್ಷಿಸಿ, "ಇವು ಎರಡು ಸ್ವರದವು, ಬೇಕಂತಲೇ ಹಾಗೆ ಮಾಡಿದ್ದು" ಅಂದಿದ್ದರು. ಅಲ್ಲೂ ಬಹಳ ಜನ ನಂಬಲಿಲ್ಲ. ಮರುವರ್ಷ ಈ ಗಂಟೆಗಳು ಮೇಲೆ ಬಂದವು. ಹೊಡೆಯಬೇಕಾದ ಎರಡೂ ಜಾಗದಲ್ಲಿ ಆಯಾ ಸ್ವರದ ಹೆಸರನ್ನು ಕಂಚಿನಲ್ಲೇ ಬರೆದಿಟ್ಟಿದ್ದರು. ಅಲ್ಲಿಗೆ ವಾದ ಮುಗಿಯಿತು.

ಈ ಗಂಟೆಗಳ ಒಡೆಯ ಝೆಂಗ್ ಅನ್ನೋ ಪುಟ್ಟ ರಾಜ್ಯದ ದೊರೆ, ಯಿ ಅಂತ. ಚೀ, ಚು, ಯೆನ್, ಹಾನ್, ಝಾವೊ, ವೇ, ಚಿನ್ ಅಂತ ಏಳು ದೊಡ್ಡ ರಾಜ್ಯಗಳನ್ನು ಎಣಿಸುತ್ತಾರಲ್ಲ, ಆ ಪಟ್ಟಿಯಲ್ಲಿ ಇವನ ರಾಜ್ಯ ಇಲ್ಲವೇ ಇಲ್ಲ. ಪಕ್ಕದಲ್ಲೇ ಚು ಅನ್ನೋ ದೈತ್ಯ. ಕೆಳಗಿನ ಸಾಲಿನ ನಟ್ಟನಡುವೆ ತೂಗುವ ಗಂಟೆಯ ಮೇಲೆ 31 ಅಕ್ಷರ ಇವೆ: ಚು ದೊರೆ ತನ್ನ ಆಳ್ವಿಕೆಯ 56ನೇ ವರ್ಷದಲ್ಲಿ ಇದನ್ನು ಝೆಂಗ್‌ನ ಯಿಗೆ ಮಾಡಿಸಿಕೊಟ್ಟ ಅಂತ. ಕ್ರಿ.ಪೂ. 433. ಸಮಾಧಿಯ ಕಾಲ ಗೊತ್ತಾದದ್ದೇ ಆ ಗಂಟೆಯಿಂದ. ದೈತ್ಯ ಯಾಕೆ ಪುಟ್ಟವನಿಗೆ ಉಡುಗೊರೆ ಕೊಟ್ಟ? ಕ್ರಿ.ಪೂ. 506ರಲ್ಲಿ ವು ರಾಜ್ಯದವರು ಚು ರಾಜಧಾನಿಗೆ ನುಗ್ಗಿದಾಗ ಚು ದೊರೆ ಓಡಿಹೋಗಿ ಸುಯಿ ಅನ್ನೋ ರಾಜ್ಯದಲ್ಲಿ ಅಡಗಿದ್ದ. ಸುಯಿಯವರು ಅವನನ್ನು ಬಿಟ್ಟುಕೊಡಲಿಲ್ಲ. ಸುಯಿ, ಝೆಂಗ್ ಎರಡೂ ಒಂದೇ ಅಂತ ಈಗ ಹೆಚ್ಚಿನವರು ಒಪ್ಪುತ್ತಾರೆ. ಅಡಗಿದ್ದವನ ಮಗನೇ ಈ ಗಂಟೆ ಕೊಟ್ಟ ದೊರೆ. ಅಪ್ಪನ ಜೀವ ಉಳಿಸಿದ ಋಣ ಅದು ಅಂತ ನಾನು ನಂಬಿದ್ದೇನೆ. ಗಂಟೆಯನ್ನು ಋಣಕ್ಕೆ ಕೊಡುವ ಪದ್ಧತಿ ನಮಗೇನು ಹೊಸದಲ್ಲ, ಹರಕೆಯ ಗಂಟೆ ಎಷ್ಟು ಎರೆದಿಲ್ಲ ನಾವು!

ಇನ್ನು ಕೆಲಸಕ್ಕೆ ಬರೋಣ.

ಗುಟ್ಟಿನ ಅರ್ಧ ಭಾಗ ಆಕಾರದಲ್ಲಿದೆ. ಆ ಗಂಟೆಗಳ ಬಾಯಿ ದುಂಡಗಿಲ್ಲ. ಎರಡು ಹೆಂಚನ್ನು ಎದುರುಬದುರು ಇಟ್ಟ ಹಾಗೆ, ಬಾದಾಮಿಯ ಆಕಾರ, ಎರಡು ಕಡೆ ಚೂಪು ಮೂಲೆ. ನಾನು ಸುಲಭದ ದಾರಿ ಹಿಡಿದೆ. ದುಂಡು ಗಂಟೆಗೆ ಮಾಡಿಟ್ಟಿದ್ದ ಮೇಣದ ಮಾದರಿಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಎರಡೂ ಕೈಯಿಂದ ಅದುಮಿದೆ. ಮೊದಲನೇ ಗಂಟೆ ಹಾಗೆ ಹುಟ್ಟಿತು. ಎರಡು ಸ್ವರ ಇದ್ದವು, ಆದರೆ ಒಂದಕ್ಕೊಂದು ಅಂಟಿಕೊಂಡು. ಎಲ್ಲಿ ಹೊಡೆದರೂ ವ್ವಾ ವ್ವಾ ಅಂತ ಅಲೆಅಲೆಯಾಗಿ ನಡುಗುವ ದನಿ. ಮೊಂಡು ಮೂಲೆಯಿಂದ ಪ್ರಯೋಜನ ಇಲ್ಲ. ಮೂಲೆ ಚೂಪಾದಷ್ಟೂ ಎರಡು ಸ್ವರಗಳು ಒಂದರಿಂದೊಂದು ದೂರ ಹೋಗುತ್ತವೆ. ಇದನ್ನು ಬರೆದಿಟ್ಟುಕೊಳ್ಳಿ.

ಎರಡನೆಯದಕ್ಕೆ ಹಲಸಿನ ಮರದಲ್ಲಿ ಮಾದರಿ ಕೆತ್ತಿಸಿದೆ. ಎತ್ತರ ಹಿಡಿಯೂ ಸೇರಿ 34 ಸೆಂಮೀ, ಬಾಯಿ ಮೂಲೆಯಿಂದ ಮೂಲೆಗೆ 24, ಮುಂದಿನಿಂದ ಹಿಂದಕ್ಕೆ 18. ದಪ್ಪಕ್ಕೆ ಏನು ಲೆಕ್ಕ? ಆ ಕಾಲದ್ದೇ ಒಂದು ಕೈಪಿಡಿ ಇದೆ, ಕಾವೊಗೊಂಗ್ ಜಿ ಅಂತ. ರಥ, ಬಿಲ್ಲು, ಕತ್ತಿ, ಗಂಟೆ ಎಲ್ಲಕ್ಕೂ ಅಳತೆ ಹೇಳುತ್ತದೆ. ಬೆಂಗಳೂರಲ್ಲಿರೋ ಸೋದರಳಿಯ ಅದರ ಇಂಗ್ಲಿಷ್ ಅನುವಾದ ಹುಡುಕಿ ಓದಿ ಹೇಳಿದ. ಅಗಲದ ಹತ್ತರಲ್ಲೊಂದು ಪಾಲು ದಪ್ಪ ಅಂತ ಇತ್ತು. ನಾನು ಮೂಲೆಯಿಂದ ಮೂಲೆಗೆ ಅಳೆದು 24 ಮಿಮೀ ಇಟ್ಟುಬಿಟ್ಟೆ. ಅದು ಹೇಳಿದ್ದು ಎರಡು ಮುಖಗಳ ನಡುವಿನ ಅಂತರ. ಇಪ್ಪತ್ತು ಕೆಜಿ ಮೀರಿದ ಲೋಹದ ಗಡ್ಡೆ ಬಂತು. ಹೊಡೆದರೆ ಒರಳುಕಲ್ಲಿಗೆ ಹೊಡೆದ ಹಾಗೆ. ಅದೇ ಪುಸ್ತಕದಲ್ಲಿ ಅದಕ್ಕೂ ಮುಂಚಿನ ಸಾಲನ್ನು ಸೋದರಳಿಯ ಫೋನಲ್ಲಿ ಓದಿದ: "ಗಂಟೆ ತೀರಾ ದಪ್ಪವಾದರೆ ಕಲ್ಲಿನ ದನಿ. ತೀರಾ ತೆಳುವಾದರೆ ದನಿ ಚೆದರುತ್ತದೆ. ಬಾಯಿ ತೀರಾ ಹಿಗ್ಗಿದರೆ ದನಿ ಅಬ್ಬರಿಸುತ್ತದೆ. ಬಾಯಿ ಮುಚ್ಚಿದ ಹಾಗಿದ್ದರೆ ಒಳಗೇ ಉಸಿರು ಕಟ್ಟುತ್ತದೆ." ಮೈ ಜುಮ್ಮೆಂದಿತು. ನಮ್ಮ ಕಾರ್ಖಾನೆಯಲ್ಲಿ ಆಡುವ ಮಾತು ಹಾಗೇ ಇದೆ ಅಲ್ವಾ! ಬರೆದವನು ಒಲೆ ಮುಂದೆ ನಿಂತವನೇ. ಮೂರನೆಯದನ್ನು 4 ಮಿಮೀಗೆ ಇಳಿಸಿದೆ. ದನಿ ಚೆದರಿತು, ಪುಸ್ತಕ ಹೇಳಿದ ಹಾಗೇ.

ಇಷ್ಟರಲ್ಲಿ ಮೇಣದ ದಾರಿ, ಅಂದರೆ ಮೇಣದ ಮಾದರಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು ಆ ಜಾಗಕ್ಕೆ ಲೋಹ ಎರೆಯುವುದನ್ನು, ಬಿಡಬೇಕು ಅಂತ ಅನ್ನಿಸಿತ್ತು. ಮೇಣ ಒಂದೊಂದು ಸಲ ಒಂದೊಂದು ಥರ ಬಾಗುತ್ತದೆ. ಆಕಾರ ಒಂದು ಕೂದಲು ಆಚೀಚೆ ಆದರೂ ಸ್ವರ ಹೋಯಿತು. ಆ ಕಾಲದ ಚೀನೀಯರು ಗಂಟೆಗೆ ಮಣ್ಣಿನ ತುಂಡು ಅಚ್ಚು ಬಳಸುತ್ತಿದ್ದರು. ಮಾದರಿಯ ಮೇಲೆ ಮಣ್ಣು ಬಡಿದು, ತುಂಡು ತುಂಡಾಗಿ ಬಿಡಿಸಿ, ಸುಟ್ಟು, ಗಂಟೆಯ ಹೊಟ್ಟೆ ಟೊಳ್ಳಾಗಿಡುವ ಮಣ್ಣಿನ ತಿರುಳಿನ, ಅಂದರೆ ಕೋರ್ ಸುತ್ತ ಮತ್ತೆ ಜೋಡಿಸಿ ಎರೆಯುವುದು. ಮೈಮೇಲಿನ ಚಿತ್ತಾರವನ್ನು ಪ್ರತಿ ಸಲ ಕೆತ್ತುತ್ತಿರಲಿಲ್ಲ. ಒಂದೇ ಪಡಿಯಚ್ಚಿನಿಂದ ಒತ್ತಿ ಒತ್ತಿ ಅಚ್ಚಿನೊಳಗೆ ಅಂಟಿಸುತ್ತಿದ್ದರು. ಶಾನ್‌ಶಿಯ ಹೌಮಾ ಅನ್ನೋ ಊರಲ್ಲಿ ಜಿನ್ ರಾಜ್ಯದ ಎರಕದ ಕೇರಿ ಅಗೆದಾಗ ಇಂಥ ಮಣ್ಣಿನ ಅಚ್ಚಿನ ತುಂಡುಗಳು ಸಾವಿರಗಟ್ಟಲೆ ಸಿಕ್ಕಿವೆ. ಅದರ ಫೋಟೋ ನೋಡಿದಾಗ ನನಗೆ ನಮ್ಮ ಹಿತ್ತಲೇ ನೋಡಿದ ಹಾಗಾಯಿತು.

ನಾಲ್ಕನೇ ಗಂಟೆ ತುಂಡು ಅಚ್ಚಿನದು. ವಿಗ್ರಹದ ಅಚ್ಚಿಗೆ ಬಳಸುವ ಜೇಡಿಯನ್ನೇ ತಂದೆ. ಒಣಗಿದ ಮೇಲೆ ಎರಡು ತುಂಡುಗಳ ನಡುವೆ ಕಿರುಬೆರಳು ತೂರುವಷ್ಟು ಸಂದು. ಜೇಡಿ ಕುಗ್ಗುತ್ತದೆ, ಅಂಟು ಜಾಸ್ತಿ. ಸಂದಿಗೆ ಮಣ್ಣು ಮೆತ್ತಿ ಎರೆದೆ. ಒಳಗೆ ಕೋರ್ ಪಕ್ಕಕ್ಕೆ ಜರುಗಿ ಗಂಟೆಯ ಒಂದು ಕೆನ್ನೆ 5 ಮಿಮೀ, ಇನ್ನೊಂದು 11. ಐದನೆಯದು ಅದಕ್ಕಿಂತ ಕೆಟ್ಟದು. ಮಳೆಗಾಲ, ಅಚ್ಚು ಹೊರಗೆ ಒಣಗಿತ್ತು, ಕೋರ್ ಹೊಟ್ಟೆಯಲ್ಲಿ ಪಸೆ ಉಳಿದಿತ್ತು. ಎರೆದ ಎರಡನೇ ಕ್ಷಣಕ್ಕೆ ಕಂಚು ಉಗುಳಿತು. ನನ್ನ ಬಲಗೈ ಮೇಲೆ ಕಲೆ ಇನ್ನೂ ಇದೆ. ಹುಡುಗರು ದೂರ ನಿಂತಿದ್ದರು, ದೇವರು ದೊಡ್ಡವನು. ಆವತ್ತಿಂದ ಕೋರ್ ಒಳಗೆ ಟೊಳ್ಳು ಬಿಟ್ಟು, ಎರೆಯುವ ಹಿಂದಿನ ರಾತ್ರಿ ಪೂರ್ತಿ ಸೌದೆ ಬೆಂಕಿಯಲ್ಲಿ ಕೆಂಪಾಗಿಸಿ, ಬಿಸಿ ಇರುವಾಗಲೇ ಎರೆಯುತ್ತೇನೆ. ಇದರಲ್ಲಿ ರಾಜಿ ಬೇಡ.

ಮಣ್ಣಿನ ವಿಷಯಕ್ಕೆ ಉತ್ತರ ಸಿಕ್ಕಿದ್ದು ಅವರ ಮಣ್ಣಿನಿಂದಲೇ. ಹಳದಿ ನದಿಯ ಸೀಮೆಯದ್ದು ಗಾಳಿ ತಂದು ಗುಡ್ಡೆ ಹಾಕಿದ ಧೂಳಿನ ಮಣ್ಣು. ಅಂಟು ಕಮ್ಮಿ, ನಯ ಜಾಸ್ತಿ, ಕುಗ್ಗುವುದಿಲ್ಲ, ಗಾಳಿ ಆಡುತ್ತದೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಹೊಳೆದಂಡೆಯ ಮೆಕ್ಕಲು. ಮೂರು ಜಾಗದ ಮೆಕ್ಕಲು ತಂದು ಸುಟ್ಟು ನೋಡಿದೆ. ಅದಕ್ಕೆ ಭತ್ತದ ಹೊಟ್ಟಿನ ಬೂದಿ ಸೇರಿಸುತ್ತೇನೆ. ಎಷ್ಟಕ್ಕೆ ಎಷ್ಟು, ಮೇಲಿನ ನಯದ ಪದರಕ್ಕೆ ಇನ್ನೇನು ಬೀಳುತ್ತದೆ, ಅದು ನನ್ನ ಹತ್ತಿರವೇ ಇರಲಿ. ಎರಡು ವರ್ಷ ಕೊಟ್ಟು ಕಲಿತದ್ದು, ಬೇಜಾರು ಮಾಡಿಕೊಳ್ಳಬೇಡಿ.

ಆರನೆಯದು ಅಚ್ಚಿನಿಂದ ಹೊರಗೆ ಬಂದಾಗ ಎಷ್ಟು ಚೆಂದ ಇತ್ತು ಅಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಒಂದು ಗುಳ್ಳೆ ಇಲ್ಲ. ನಾದ ಗಾಜಿನಂತೆ. ಸ್ವರ ಸ್ವಲ್ಪ ಏರಿತ್ತು, ಒಳಗೆ ಕೆರೆಯಲು ಹೋದೆ. ಟಣ್ ಅಂತ ಮೂಲೆಯಿಂದ ಭುಜದವರೆಗೆ ಬಿರುಕು. ತಪ್ಪು ಲೋಹದ್ದು. ನಾನು ದೇವಸ್ಥಾನದ ಗಂಟೆಯ ಹದವನ್ನೇ ಹಾಕಿದ್ದೆ, ನೂರಕ್ಕೆ ಇಪ್ಪತ್ತೆರಡು ತವರ. ಆ ಹದಕ್ಕೆ ನಾದ ಇದೆ, ಅರಕ್ಕೆ ತಾಳಿಕೆ ಇಲ್ಲ. ಆ ಕೈಪಿಡಿಯಲ್ಲಿ ಆರು ಹದಗಳ ಸಾಲು ಇದೆ. ಗಂಟೆ ಮತ್ತು ಕಾಲಿನ ಪಾತ್ರೆಗೆ ಆರಕ್ಕೆ ಒಂದು ತವರ. ಕೊಡಲಿಗೆ ಐದಕ್ಕೊಂದು, ಭರ್ಜಿಗೆ ನಾಲ್ಕಕ್ಕೊಂದು, ದೊಡ್ಡ ಕತ್ತಿಗೆ ಮೂರಕ್ಕೊಂದು, ಬಾಣದ ಮೊನೆಗೆ ಐದಕ್ಕೆ ಎರಡು. ಕನ್ನಡಿಗೆ ಅರ್ಧ. ಆರು ಅಂದರೆ ಒಟ್ಟು ಕಂಚೋ, ಬರೀ ತಾಮ್ರವೋ ಅಂತ ವಿದ್ವಾಂಸರಲ್ಲಿ ಜಗಳ ಇದೆ. ನಾನು ತಾಮ್ರ ಅಂತ ಹಿಡಿದೆ. ಆರು ತಾಮ್ರ, ಒಂದು ತವರ. ನೂರಕ್ಕೆ ಹದಿನಾಲ್ಕು ಚಿಲ್ಲರೆ. ಝೆಂಗ್ ಗಂಟೆಗಳನ್ನು ಪರೀಕ್ಷೆ ಮಾಡಿದಾಗಲೂ ತವರ ಹೆಚ್ಚುಕಮ್ಮಿ ಹದಿಮೂರು ಹದಿನಾಲ್ಕು ಸಿಕ್ಕಿದೆ, ಜೊತೆಗೆ ಒಂದಿಷ್ಟು ಸೀಸ. ಸೀಸ ನಾದವನ್ನು ಬೇಗ ತಣಿಸುತ್ತದೆ, ಅರಕ್ಕೂ ಮೆತ್ತಗೆ ಸಿಗುತ್ತದೆ. ಹಾಕುವಾಗ ಮಾತ್ರ ಗಾಳಿ ಬೆನ್ನ ಕಡೆಯಿಂದ ಬರುವ ಹಾಗೆ ನಿಲ್ಲಿ, ಆ ಹೊಗೆ ಒಳ್ಳೆಯದಲ್ಲ.

"ತವರ ಇಷ್ಟು ಕಮ್ಮಿ ಹಾಕಿದ್ರೆ ತಗಡಿನ ಸದ್ದು ಬರುತ್ತೆ" ಅಂತ ಪಕ್ಕದ ಕಾರ್ಖಾನೆಯವರು ಪಂತ ಕಟ್ಟಿದರು. ಸೋತರು. ದುಂಡು ಗಂಟೆಗೆ ಅವರ ಮಾತು ಸರಿ. ಅದರ ನಾದ ಉದ್ದ ಇರಬೇಕು. ಈ ಬಾದಾಮಿ ಗಂಟೆಗೆ ಅದು ಬೇಡ. ಪರೀಕ್ಷೆಗೆ ಅಂತ ಅದೇ ಲೋಹದಲ್ಲಿ ಅದೇ ತೂಕದ ದುಂಡು ಗಂಟೆಯನ್ನೂ ಎರೆದು ಪಕ್ಕ ಪಕ್ಕ ಕಟ್ಟಿದೆ. ದುಂಡಿನದು ಇಪ್ಪತ್ತು ಎಣಿಸುವವರೆಗೂ ಗುಂಯ್‌ಗುಟ್ಟಿತು. ಬಾದಾಮಿಯದು ನಾಲ್ಕೈದು ಎಣಿಸುವಷ್ಟರಲ್ಲಿ ಮುಗಿಯಿತು. ಬೇಗ ಮುಗಿಯುವುದರಿಂದಲೇ ಒಂದರ ಹಿಂದೆ ಒಂದು ಹೊಡೆದು ರಾಗ ನುಡಿಸಬಹುದು. ಇಲ್ಲದಿದ್ದರೆ 65 ಗಂಟೆ ಸೇರಿ ಜಾತ್ರೆಯ ಗದ್ದಲ ಆಗುತ್ತಿತ್ತು.

ಹೊಗೆಯ ಬಣ್ಣದ ಬಗ್ಗೆಯೂ ಹೇಳಬೇಕು. ಎರೆಯುವ ಹೊತ್ತು ಯಾವಾಗ ಅನ್ನೋದಕ್ಕೆ ಆ ಕೈಪಿಡಿ ಹೇಳುವುದು ಹೀಗೆ: ಮೊದಲು ಕಪ್ಪು ಕೊಳಕು ಹೊಗೆ ಮುಗಿಯಬೇಕು, ಆಮೇಲೆ ಹಳದಿ ಬಿಳುಪು, ಅದು ಮುಗಿದ ಮೇಲೆ ಹಸುರು ಬಿಳುಪು, ಕೊನೆಗೆ ಬರೀ ಹಸುರು. ಆಗ ಎರೆಯಬಹುದು. ನಾನು ತಾಪಮಾಪಕ ಇಟ್ಟುಕೊಂಡು ಐದಾರು ಸಲ ತಾಳೆ ನೋಡಿದೆ. ನಮ್ಮ ಕುಲುಮೆಯಲ್ಲಿ ಹಸುರು ನಿಂತಾಗ 1,150 ಡಿಗ್ರಿಯ ಆಸುಪಾಸು ತೋರಿಸಿತು. ನಾವು ಎರೆಯುವುದೂ ಅಲ್ಲೇ ಅಲ್ವಾ! ಹಳೇ ಪಾತ್ರೆ ಕರಗಿಸಿದಾಗ ಬಿಳಿ ಹೊಗೆ ವಿಪರೀತ ಬರುತ್ತದೆ, ಅದರಲ್ಲಿ ಸತು ಇರುತ್ತದೆ. ವೈರಿನ ತಾಮ್ರ ಹಾಕಿದಾಗ ಬಣ್ಣಗಳು ಪುಸ್ತಕದ ಸಾಲಿನಲ್ಲೇ ಬರುತ್ತವೆ. ಈಗ ಮಾಪಕ ಕೆಟ್ಟು ಎಂಟು ತಿಂಗಳಾಯಿತು. ಹೊಸದು ತಂದಿಲ್ಲ.

ಗಂಟೆಗೆ ಪೂಜೆ ಮಾಡುವುದು ಅವರಲ್ಲೂ ಇತ್ತು. ಹೊಸ ಗಂಟೆಗೆ ಬಲಿಯ ರಕ್ತ ಸವರುತ್ತಿದ್ದರು. ಚೀ ರಾಜ್ಯದ ದೊರೆ ಶುವಾನ್ ಒಂದು ದಿನ ಹಾಗೆ ಗಂಟೆಗೆಂದು ಎತ್ತನ್ನು ಎಳೆದುಕೊಂಡು ಹೋಗುವುದನ್ನು ಕಂಡನಂತೆ. ಎತ್ತು ನಡುಗುತ್ತಿತ್ತು. ನೋಡಲಾರೆ, ಬಿಟ್ಟುಬಿಡಿ ಅಂದ. ಗಂಟೆಯ ಶಾಸ್ತ್ರ ಬಿಡುವುದಾ ಅಂತ ಕೇಳಿದರೆ, ಕುರಿ ತನ್ನಿ ಅಂದ. ಇದನ್ನು ಎತ್ತಿಕೊಂಡೇ ಮೆನ್ಸಿಯಸ್ ಅನ್ನೋ ಚಿಂತಕ ಅವನಿಗೆ ಬುದ್ಧಿ ಹೇಳಿದ್ದು: ಎತ್ತಿನ ಮೇಲೆ ಬಂದ ಕರುಣೆ ನಿನ್ನ ಪ್ರಜೆಗಳ ಮೇಲೆ ಯಾಕೆ ಬರಲಿಲ್ಲ ಅಂತ. ಊರೂರು ಸುಟ್ಟು ಲಕ್ಷಗಟ್ಟಲೆ ಜನ ಸಾಯುತ್ತಿದ್ದ ಕಾಲದಲ್ಲಿ ದೊರೆಯ ಮುಖಕ್ಕೇ ಹೀಗೆ ಹೇಳಿದ ಮನುಷ್ಯ. ನಾನು ಕುಲುಮೆ ಹೊತ್ತಿಸುವಾಗ ಕುಂಬಳಕಾಯಿ ಒಡೆಯುತ್ತೇನೆ. ಪ್ರತಿ ಸಲ ಆ ಎತ್ತು ನೆನಪಾಗುತ್ತದೆ.

ದುಡ್ಡಿನ ಮಾತು. ನಾನು ಕೊಂಡಾಗ ತಾಮ್ರ ಕೆಜಿಗೆ 800 ರೂಪಾಯಿ ಆಸುಪಾಸು, ತವರ 2,500ರಿಂದ 3,000 ಇತ್ತು. ಒಂದು ಗಂಟೆಗೆ 9 ಕೆಜಿ ನಿಲ್ಲಬೇಕು ಅಂದರೆ ಅಚ್ಚಿಗೆ ಲೋಹ ಸುರಿಯುವ ಬಾಯಿ, ಅದು ಹರಿಯುವ ದಾರಿ ಎಲ್ಲ ಸೇರಿ 13 ಕೆಜಿ ಕರಗಿಸಬೇಕು. ಕೆಟ್ಟ ಗಂಟೆ ಮತ್ತೆ ಮೂಸೆಗೆ ಹೋಗುತ್ತದೆ, ನಷ್ಟ ಏನು ಅಂತ ಕೇಳುತ್ತಾರೆ. ಪ್ರತಿ ಸಲ ಕರಗಿಸಿದಾಗ ತವರ ಒಂದಿಷ್ಟು ಸುಟ್ಟು ಬೂದಿಯಾಗುತ್ತದೆ, ಮತ್ತೆ ಸೇರಿಸಬೇಕು. ಇದ್ದಿಲು, ಸೌದೆ, ಇಬ್ಬರು ಹುಡುಗರ ಕೂಲಿ. ಮೂರು ವರ್ಷದಲ್ಲಿ ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಹೋಗಿರಬೇಕು, ಚೀನಾ ಖರ್ಚು ಬಿಟ್ಟು. ಒಂದು ಸಂಘದಲ್ಲಿ ಸಾಲ ಕೇಳಿದ್ದೆ. "ಮಾರಾಟ ಆಗೋ ಗಂಟೆ ಮಾಡಿ, ಕೊಡ್ತೀವಿ" ಅಂದರು. ಹೆಂಡತಿ ಬಳೆ ಕೊಟ್ಟಳು. ಅದನ್ನು ಬಿಡಿಸಿಕೊಟ್ಟಿದ್ದೇನೆ.

ಬಿಡಿಸಿದ್ದು ಹೇಗೆ ಅಂದರೆ ಚಾಕುವಿನ ಆಕಾರದ ನಾಣ್ಯದಿಂದ. ಇದು ಸುಮ್ನೆ ಪಕ್ಕದಲ್ಲಿ ಶುರುವಾದ ಕೆಲಸ. ಆ ಕಾಲದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ದುಡ್ಡು. ಚೀ ಮತ್ತು ಯೆನ್ ರಾಜ್ಯಗಳಲ್ಲಿ ಚಾಕುವಿನ ಆಕಾರ, ಹಾನ್, ಝಾವೊ, ವೇಗಳಲ್ಲಿ ಸಲಿಕೆಯ ಆಕಾರ, ಚುನಲ್ಲಿ ಕವಡೆಯಂಥ ಪುಟಾಣಿ, ಚಿನ್‌ನಲ್ಲಿ ದುಂಡು, ನಡುವೆ ಚೌಕ ತೂತು. ಎಲ್ಲ ಎರಕದವು, ಟಂಕಿಸಿದ್ದಲ್ಲ. ಬಳಪದ ಕಲ್ಲಿನಲ್ಲಿ ಚೀ ಚಾಕುವಿನ ಅಚ್ಚು ಕೊರೆದೆ. 18 ಸೆಂಮೀ ಉದ್ದ, ತುದಿಯಲ್ಲಿ ಬಳೆ. ಒಂದು ಎರಕಕ್ಕೆ ಮೂರು. ಕಲ್ಲನ್ನು ಬಿಸಿ ಮಾಡಿಟ್ಟರೆ ಒಂದೇ ಅಚ್ಚು ನಲವತ್ತು ಸಲ ತಾಳಿತು. ಸೀಸ ಜಾಸ್ತಿ ಇದ್ದ ಉಳಿಕೆ ಲೋಹವೆಲ್ಲ ಇದಕ್ಕೆ ಖರ್ಚಾಯಿತು. ಹಿಂದೆ "ನಕಲು" ಅಂತ ಕನ್ನಡದಲ್ಲೇ ಒತ್ತಿದ್ದೇನೆ, ಹಳೆಯದು ಅಂತ ಯಾರೂ ಮಾರಬಾರದು. ಕರಕುಶಲ ಮೇಳದಲ್ಲಿ ಒಂದಕ್ಕೆ 400ರಂತೆ ಅರವತ್ತು ಎಪ್ಪತ್ತು ಹೋದವು. ಗಂಟೆ ಬಿಟ್ಟು ಇದನ್ನೇ ಮಾಡು ಅಂತಲೂ ಕೆಲವರು ಅಂದರು.

ಆದರೆ ಗಂಟೆ ಬಿಡುವ ಹಾಗಿರಲಿಲ್ಲ. ಏಳನೆಯದು ಹೊಸ ಹದ, ಹೊಸ ಮಣ್ಣು. ಬಿರುಕಿಲ್ಲ, ಎರಡು ಸ್ವರ ಸ್ಪಷ್ಟ. ಅಂತರ ಮಾತ್ರ ರಿಷಭದವರೆಗೂ ಮುಟ್ಟಲಿಲ್ಲ. ನಮ್ಮ ಊರಿನ ಪಿಟೀಲು ಮೇಷ್ಟ್ರು ಬಂದು ಕೇಳಿ, "ಎರಡು ಸ್ವರ ಅಂತೂ ಇದೆ ಕಣಯ್ಯಾ, ಆದ್ರೆ ಇದಕ್ಕೆ ಹೆಸರಿಲ್ಲ" ಅಂದರು. ಆ ಮಾತಿಗೆ ನನಗೆ ಖುಷಿಯೇ ಆಯಿತು. ಇದೆ ಅಂತ ಒಪ್ಪಿದ ಮೊದಲನೇ ಹೊರಗಿನ ಕಿವಿ ಅದು. ಮೂಲೆಯನ್ನು ಇನ್ನೂ ಚೂಪು ಮಾಡಿ ಎಂಟನೆಯದನ್ನು ಎರೆದೆ.

ಗುಟ್ಟಿನ ಉಳಿದರ್ಧ ಒಳಗಿದೆ. ಝೆಂಗ್ ಗಂಟೆಗಳ ಒಳಗೆ ಬಾಯಂಚಿನ ಹತ್ತಿರ ಕೆರೆದ ಗುರುತು ಕಾಣುತ್ತದೆ, ಉಬ್ಬುಪಟ್ಟಿಗಳೂ ತಗ್ಗುಗಳೂ ಒಂದರ ಪಕ್ಕ ಒಂದು. ಎರೆದ ಮೇಲೆ ಕೂತು ಸ್ವರ ಕೂಡಿಸಿದ್ದಾರೆ. ಕೆರೆದರೆ ಸ್ವರ ಇಳಿಯುತ್ತದೆ, ಏರಿಸಲು ಆಗುವುದಿಲ್ಲ. ಹಾಗಾಗಿ ಯಾವಾಗಲೂ ಬೇಕಾದ್ದಕ್ಕಿಂತ ಒಂಚೂರು ಏರಿಕೆಯಲ್ಲೇ ಎರೆಯಬೇಕು. ನಡುವಿನ ಸ್ವರಕ್ಕೆ ಕೆರೆಯುವ ಜಾಗ ಬೇರೆ, ಪಕ್ಕದ ಸ್ವರಕ್ಕೆ ಬೇರೆ. ಅದನ್ನು ಹುಡುಕಿದ್ದು ಹೀಗೆ: ಗಂಟೆಯ ಅಂಚಿಗೆ ಮೇಣದ ಗೋಲಿ ಅಂಟಿಸಿ ಹೊಡೆಯುವುದು. ಗೋಲಿ ಇಟ್ಟಾಗ ಯಾವ ಸ್ವರ ಕುಸಿಯುತ್ತದೋ ಆ ಜಾಗ ಆ ಸ್ವರದ್ದು. ಸ್ವರ ಅಳೆಯೋಕೆ ಮೊಬೈಲಿನ ಟ್ಯೂನರ್ ಸಾಕು. ಒಂದು ಸ್ವರ ಇಳಿಸುವಾಗ ಇನ್ನೊಂದು ಎಳೆಯಷ್ಟಾದರೂ ಜೊತೆಗೆ ಬರುತ್ತದೆ. ಎಂಟನೆಯದರಲ್ಲಿ ಇದನ್ನು ಮರೆತು ನಡುವಿನದನ್ನು ಪೂರ್ತಿ ಕೂಡಿಸಿ ಆಮೇಲೆ ಪಕ್ಕಕ್ಕೆ ಹೋದೆ. ಎರಡೂ ಇಳಿದು ಹೋದವು. ಯಾವುದನ್ನು ಮೊದಲು, ಎಷ್ಟು ಬಾಕಿ ಉಳಿಸಿ ನಿಲ್ಲಿಸಬೇಕು ಅನ್ನೋದು ಈಗ ಕೈಗೆ ಬಂದಿದೆ. ಅದನ್ನು ಬರೆಯುವುದಿಲ್ಲ. ಎದುರು ಬಂದು ಕೂತವರಿಗೆ ತೋರಿಸುತ್ತೇನೆ.

ಎಂಟನೆಯದನ್ನು ಮೂಸೆಗೆ ಹಾಕುವ ದಿನ ಮಾತ್ರ ಕೈ ಬರಲಿಲ್ಲ. ಕ್ರಿ.ಪೂ. 221ರಲ್ಲಿ ಚಿನ್ ದೊರೆ ಆರೂ ರಾಜ್ಯಗಳನ್ನು ಗೆದ್ದು ಮುಗಿಸಿದ ಮೇಲೆ ದೇಶದ ಆಯುಧಗಳನ್ನೆಲ್ಲ ರಾಜಧಾನಿಗೆ ತರಿಸಿ ಕರಗಿಸಿ, ಗಂಟೆಗಳನ್ನೂ ಹನ್ನೆರಡು ಲೋಹದ ಆಳುಗಳನ್ನೂ ಎರೆಸಿದ ಅಂತ ಚರಿತ್ರೆ ಹೇಳುತ್ತದೆ. ಅವು ಒಂದೂ ಉಳಿದಿಲ್ಲ. ಯಿ ದೊರೆಯ ಗಂಟೆಗಳು ಉಳಿದದ್ದು ಮಣ್ಣಿನಡಿ, ನೀರಿನಡಿ ಇದ್ದದ್ದಕ್ಕೆ. ಆ ಸಮಾಧಿಯಲ್ಲಿ ಅವನ ಜೊತೆ ಇಪ್ಪತ್ತೊಂದು ಹೆಣ್ಣುಮಕ್ಕಳನ್ನೂ ಹೂತಿದ್ದರು. ಗಂಟೆಯ ನಾದ ಹೊಗಳುವಾಗ ಇದನ್ನೂ ಹೇಳದೆ ಇರಲು ನನಗೆ ಮನಸ್ಸು ಬರುವುದಿಲ್ಲ. ನುಡಿಸಿದವರು ಅವರಲ್ಲೇ ಕೆಲವರಿರಬಹುದು.

ಒಂಬತ್ತನೆಯದು. ದಪ್ಪ ಬಾಯಿಯಲ್ಲಿ 9 ಮಿಮೀ, ಮೇಲೆ ಹೋಗುತ್ತಾ 7. ಮೈಮೇಲೆ ಮೊಲೆತೊಟ್ಟಿನಂಥ 36 ಗುಬುಟು, ಒಂದೊಂದು ಮುಖಕ್ಕೆ ಹದಿನೆಂಟು, ಅವರದ್ದರಲ್ಲಿ ಇದ್ದ ಹಾಗೇ. ಅದಕ್ಕೆ ಮುಂಚೆ ಗುಬುಟು ಬರೀ ಅಲಂಕಾರ ಅಂದುಕೊಂಡು ಬಿಟ್ಟಿದ್ದೆ. ಇಟ್ಟ ಮೇಲೆ ನನ್ನ ಕಿವಿಗೆ ಹೊಡೆದ ಕ್ಷಣದ ಕಿಣಿಕಿಣಿ ಬೇಗ ಅಡಗಿದ ಹಾಗಿದೆ. ಕೆರೆಯಲು ಮೂರು ದಿನ ಹಿಡಿಯಿತು. ದಿನಕ್ಕೆ ಎರಡು ತಾಸು ಮಾತ್ರ, ಕಿವಿ ದಣಿದರೆ ಅರ ಕೆಳಗಿಡಬೇಕು. ಕೊನೆಯಲ್ಲಿ ಟ್ಯೂನರ್ ನಡುವಿಗೆ ಸೆಕೆಂಡಿಗೆ 520 ಕಂಪನ, ಪಕ್ಕಕ್ಕೆ 620 ತೋರಿಸಿತು, ಒಂದೆರಡು ಆಚೀಚೆ. ಮೇಷ್ಟ್ರು ಪಿಟೀಲು ತಂದು ಶ್ರುತಿ ಹಿಡಿದರು. ಈ ಸಲ ಹೆಸರು ಹೇಳಿದರು.

ದೊಡ್ಡಪ್ಪ ಕೋಲು ಊರಿಕೊಂಡು ಬಂದ. ಗಂಟೆಯನ್ನು ಸುತ್ತ ಸವರಿದ, ಬಿರುಕು ಹುಡುಕುತ್ತಿದ್ದ. ನಡುವೆ ಹೊಡೆದ, ಪಕ್ಕಕ್ಕೆ ಹೊಡೆದ. ಮತ್ತೆ ನಡುವೆ. ಆಮೇಲೆ ಅಂಗೈಯನ್ನು ಒಂದು ಕೆನ್ನೆಗೆ ಒತ್ತಿಕೊಂಡು ಇನ್ನೊಂದಕ್ಕೆ ಹೊಡೆದ, ನಾನು ಅದನ್ನು ಯೋಚಿಸಿಯೇ ಇರಲಿಲ್ಲ. "ಪಕ್ಕದ್ದು ಒಂದೆಳೆ ಏರಿದೆ" ಅಂದ. ಟ್ಯೂನರ್ ನೋಡಿದರೆ ನಿಜ. ನಾನೇ ಬೇಕಂತ ಬಿಟ್ಟಿದ್ದೆ.

ಈಗ ಐದರ ಒಂದು ಸೆಟ್ ನಡೆಯುತ್ತಿದೆ. ಐದು ಗಂಟೆಗೆ ಹತ್ತು ಸ್ವರ ಬಂದರೆ ಮೇಷ್ಟ್ರು ಮೋಹನ ನುಡಿಸುತ್ತೇನೆ ಅಂದಿದ್ದಾರೆ. ಎರಡು ಮುಗಿದಿವೆ, ಮೂರನೆಯದರ ಅಚ್ಚು ನೆರಳಲ್ಲಿ ಒಣಗುತ್ತಿದೆ, ಮಳೆ ಬಿಡುವವರೆಗೆ ಎರೆಯುವುದಿಲ್ಲ. ದಸರಾ ಮೇಲೆ ನೋಡಲು ಬರುವವರು ಬರಬಹುದು. ಹೊಡೆಯಲು ಮರದ ಸುತ್ತಿಗೆ ಇಲ್ಲೇ ಇದೆ. ಕಬ್ಬಿಣದ್ದು ತರಬೇಡಿ.